ವೈದ್ಯರ ಮುಂದೆ ವ್ಯಾಕರಣ

ವ್ಯಾಕರಣ ಕಲಿಸಿ ಹೊಟ್ಟೆ ಹೊರೆಯುವವನಿಗೆ ಜ್ವರ ಬಂದರೂ ವ್ಯಾಕರಣ ಬಿಡುವುದಿಲ್ಲ. ಕನ್ನಡ ಬಾರದ ವೈದ್ಯರೊಬ್ಬರ ಮುಂದೆ ಕುಳಿತು, ಬೆನ್ನಿನ ಚಳಕಿಗೂ ಕಾಲಿನ ಜೋಮಿಗೂ ಇಂಗ್ಲಿಷು ಸಿಗದೆ, ಎಲ್ಲವನ್ನೂ ‘ಪೇನ್’ ಎಂಬ ಒಂದೇ ಮೂಟೆಗೆ ತುಂಬಿದವನು ನಾನು. ನೋವು ಹೇಳಿಕೊಳ್ಳಲು ತಾಯ್ನುಡಿಯೇ ಬೇಕು.

ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ಇಂಗ್ಲಿಷಿನವರ ನಡುವೆ ಅಲ್ಪಸಂಖ್ಯಾತರಾಗಿ ಬಾಳುವ ಫ್ರೆಂಚ್ ನುಡಿಯವರಿಗೆ ಇದು ಚೆನ್ನಾಗಿ ಗೊತ್ತು. ಒಟ್ಟಾವಾದಲ್ಲಿ ಅವರ ಮೋಂಫೋರ್ ಆಸ್ಪತ್ರೆಯನ್ನು ಮುಚ್ಚಬೇಕೆಂದು 1997ರಲ್ಲಿ ಆಯೋಗವೊಂದು ಹೇಳಿದಾಗ ಸಾವಿರಾರು ಜನ ಸೇರಿ ಪ್ರತಿಭಟಿಸಿದರು. 2001ರಲ್ಲಿ ಪ್ರಾಂತದ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಆಸ್ಪತ್ರೆ ಉಳಿಯಿತು.

ಆದರೆ ಅಲ್ಪಸಂಖ್ಯಾತರೊಳಗೂ ಅಲ್ಪಸಂಖ್ಯಾತರಿರುತ್ತಾರೆ. ಆ ಪ್ರಾಂತದ ಸಣ್ಣ ಊರೊಂದರಲ್ಲಿ ದಾದಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿ ಬರೆಯುತ್ತಾಳೆ: ಶಸ್ತ್ರಚಿಕಿತ್ಸೆಗೆ ಬಂದ ಮುದುಕರೊಬ್ಬರನ್ನು ‘ಮನೆಯಲ್ಲಿ ಹೆಂಡತಿ ಇದ್ದಾರೆಯೆ?’ ಎಂದು ಕೇಳಿದರಂತೆ. ‘ಯಾರೂ ಇಲ್ಲ’ ಎಂದರಂತೆ. ಇಪ್ಪತ್ತು ವರ್ಷ ಅವರ ಜೊತೆ ಬಾಳಿದ ಗಂಡಸು ಹೊರಗೆ ಕಾರಿನಲ್ಲಿ ಕುಳಿತಿದ್ದರು. ಒಳಗೆ ಏನಾಯಿತೆಂದು ಸಂಜೆಯವರೆಗೂ ಅವರಿಗೆ ಯಾರೂ ಹೇಳಲಿಲ್ಲ.

ಇಲ್ಲಿ ವ್ಯಾಕರಣ ಬಂತು ನೋಡಿ. ನಮ್ಮ ‘ಸಂಗಾತಿ’ ಗಂಡೋ ಹೆಣ್ಣೋ ತಿಳಿಯದು. ಇಂಗ್ಲಿಷಿನ ‘ಪಾರ್ಟ್‌ನರ್’ ಕೂಡ ಹಾಗೆಯೆ. ಫ್ರೆಂಚಿನಲ್ಲಿ ಗಂಡಾದರೆ ‘ಕೋಂಜ್ವಾಂ’, ಹೆಣ್ಣಾದರೆ ‘ಕೋಂಜ್ವಾಂತ್’. ತುದಿಯ ‘ತ್’ ಒಂದೇ ಗುಟ್ಟು ಹೊರಹಾಕುತ್ತದೆ. ಕನ್ನಡದ ‘ನಾನು’ ಜೊತೆಗೆ ಬರುವ ಕ್ರಿಯಾಪದದಲ್ಲಿ ಲಿಂಗ ಬಯಲಾಗದು. ಫ್ರೆಂಚಿನಲ್ಲಿ ‘ನನಗೆ ಸಂತೋಷ’ ಎನ್ನಲು ಗಂಡು ‘ಕೋಂತಾಂ’, ಹೆಣ್ಣು ‘ಕೋಂತಾಂತ್’ ಎನ್ನಬೇಕು. ಹುಟ್ಟಿದಾಗ ಬರೆದ ಲಿಂಗ ತಮ್ಮದಲ್ಲವೆಂದು ಅರಿತವರಿಗೆ ಬಾಯಿ ತೆರೆಯುವುದೇ ಪರೀಕ್ಷೆ.

ಸಣ್ಣ ಊರಿನಲ್ಲಿ ಫ್ರೆಂಚ್ ಬಲ್ಲ ವೈದ್ಯರು ಒಬ್ಬಿಬ್ಬರು. ಅವರ ಬಾಗಿಲಲ್ಲಿ ಚೀಟಿ ಬರೆಯುವಾಕೆ ಚಿಕ್ಕಮ್ಮನ ಗೆಳತಿಯಾಗಿರಬಹುದು. ಹೀಗಾಗಿ ಕೆಲವರು ಇಂಗ್ಲಿಷ್ ವೈದ್ಯರನ್ನು ಹುಡುಕಿಕೊಂಡು ಹೋಗುತ್ತಾರಂತೆ. ಗುಟ್ಟು ಉಳಿಯುತ್ತದೆ, ನೋವು ಅರ್ಧ ಹೇಳಿದಂತಾಗುತ್ತದೆ. ಅರ್ಧ ಹೇಳಿದ ರೋಗಕ್ಕೆ ಪೂರ್ತಿ ಮದ್ದು ಎಲ್ಲಿಂದ ಬರಬೇಕು?

ಕೆನಡಾದ ಸಂಸತ್ತು ಫ್ರೆಂಚಿಗೆ ಇಂಗ್ಲಿಷಿನ ಸಮಾನ ಸ್ಥಾನ ಕೊಟ್ಟದ್ದು 1969ರಲ್ಲಿ. ವಯಸ್ಕರ ಸಲಿಂಗ ಸಂಬಂಧ ಖಾಸಗಿಯಾಗಿದ್ದರೆ ಅಪರಾಧವಲ್ಲವೆಂದದ್ದೂ ಅದೇ ವರ್ಷ. ಎರಡು ಬಾಗಿಲು ಒಟ್ಟಿಗೆ ತೆರೆದವು. ಎರಡನ್ನೂ ಒಟ್ಟಿಗೆ ದಾಟಬೇಕಾದವರು ಇನ್ನೂ ಹೊಸ್ತಿಲಲ್ಲಿದ್ದಾರೆ. ನನ್ನ ವಿದ್ಯಾರ್ಥಿನಿ ಈಗ ‘ಹೆಂಡತಿ ಇದ್ದಾರೆಯೆ?’ ಎಂದು ಕೇಳುವುದಿಲ್ಲವಂತೆ. ‘ನಿಮ್ಮ ಜೊತೆ ಯಾರು ಬಂದಿದ್ದಾರೆ? ಒಳಗೆ ಕರೆಯಲೆ?’ ಎನ್ನುತ್ತಾಳಂತೆ. ನಾನು ಕಲಿಸಿದ ವ್ಯಾಕರಣಕ್ಕಿಂತ ಇದು ದೊಡ್ಡದು.