ಕಲ್ಲು ಆರಿಸಿದ ಸಾಹೇಬ

ನಮ್ಮ ಹುಲಸೂರ ಸೀಮೆಯಲ್ಲಿ ನೀರಿಗೆ ಬರವಿದ್ದೀತು, ಕಲ್ಲಿಗೆ ಬರವಿಲ್ಲ. ಪ್ರತಿ ಬೇಸಿಗೆಯಲ್ಲೂ ಹೊಲದವರು ಕಲ್ಲು ಆರಿಸಿ ಬದುವಿಗೆ ಹಾಕುತ್ತಾರೆ. ಮರುವರ್ಷ ನೇಗಿಲು ಹೂಡಿದರೆ ಅಷ್ಟೇ ಕಲ್ಲು ಮತ್ತೆ ಮೇಲೆದ್ದಿರುತ್ತವೆ. "ಹೆಂಗಸರು ಮಕ್ಕಳ ಹಡೀತಾರ, ಈ ಭೂಮಿ ಕಲ್ಲು ಹಡೀತದ" ಎಂದು ನಮ್ಮ ಅತ್ತೆ ಬೇಸರದಿಂದ ಹೇಳುತ್ತಿದ್ದರು. ಈ ಕರಿಗಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸ ಆರಿ ಆದದ್ದು. ಬೀದರದ ಕಡೆಯ ಕೆಂಪುಕಲ್ಲು ಅದೇ ಕರಿಗಲ್ಲು ಮಳೆ ಬಿಸಿಲಿಗೆ ಸವೆದು, ಕೊಳೆತು ಮಾರ್ಪಟ್ಟದ್ದು ಎಂದು ನಾನು ಬಿ.ಎ., ಬಿ.ಎಡ್. ಮುಗಿಸಿ ಮಕ್ಕಳಿಗೆ ಪಾಠ ಹೇಳಲು ನಿಂತಾಗ ಪುಸ್ತಕದಿಂದ ತಿಳಿದುಕೊಂಡೆ. ತಿಳಿದುಕೊಂಡೆನೇ ಹೊರತು ಒಂದು ದಿನವಾದರೂ ಬಗ್ಗಿ ಒಂದು ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದವಳಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, 1997ರ ಸುಮಾರಿಗೆ, ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಒಂದು ದಿನ ಶಿಲಾಯುಗದ ಪಾಠ. ಹಳೆ ಶಿಲಾಯುಗದವರು ಕಲ್ಲನ್ನು ಒಡೆದು ಆಯುಧ ಮಾಡಿದರು, ನವಶಿಲಾಯುಗದವರು ಉಜ್ಜಿ ನಯ ಮಾಡಿದರು ಎಂದು ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ಎರಡು ಸಲ ಹೇಳಿಸಿದೆ. ಮರುದಿನ ಹಿಂದಿನ ಸಾಲಿನ ಒಬ್ಬ ಹುಡುಗ ಅಂಗಿಯ ಕೆಳಗೆ ಏನೋ ಮುಚ್ಚಿಕೊಂಡು ಬಂದ. ಕಲ್ಲು ಒಡೆಯುವ ಕಸುಬಿನವರ ಮನೆಯ ಹುಡುಗ. ಓದಿನಲ್ಲಿ ಹಿಂದೆ. ಅವನು ಮೇಜಿನ ಮೇಲೆ ಇಟ್ಟದ್ದು ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಕರಿಕಲ್ಲು. ಒಂದು ತುದಿ ಚೂಪು, ಇನ್ನೊಂದು ತುದಿ ಅಗಲ.

"ಕಲ್ಲು ಸಾಲಿಗೆ ತರ್ತಾರೇನೋ? ಯಾರ ತಲಿಗೆ ಹೊಡೀಬೇಕಂತ ಮಾಡೀದಿ? ನಡಿ, ಹೊರಗ ಒಗದು ಬಾ" ಅಂದೆ.

ಅವನು ಕದಲಲಿಲ್ಲ. "ಟೀಚರ್ರೀ, ಇದು ಒಡದ ಕಲ್ಲಲ್ರೀ, ತಿಕ್ಕಿದ ಕಲ್ಲದ" ಅಂದ.

ತರಗತಿ ನಕ್ಕಿತು. ನನಗೂ ನಗು ಬಂತೆಂದು ಈಗ ಒಪ್ಪಿಕೊಳ್ಳಬೇಕು. ಅವನು ಕಲ್ಲು ಎತ್ತಿಕೊಂಡು ಹೊರಗೆ ಹೋದ, ಬರಿಗೈಯಲ್ಲಿ ಬಂದು ತನ್ನ ಜಾಗದಲ್ಲಿ ಕುಳಿತ. ನಾನು ಮುಂದಿನ ಪಾಠ ತೆಗೆದೆ.

ಇದನ್ನು ನಾನು ಪೂರ್ತಿ ಮರೆತಿದ್ದೆ. ನೆನಪಾದದ್ದು ಹದಿನೇಳು ವರ್ಷಗಳ ಮೇಲೆ, ಅದೂ ಚೆನ್ನೈಯಲ್ಲಿ. ಅಕ್ಕನ ಕಣ್ಣಿನ ಆಪರೇಷನ್ನಿಗೆಂದು ಜೊತೆಗೆ ಹೋಗಿದ್ದೆ. ಒಂದು ಮಧ್ಯಾಹ್ನ ಬಿಡುವು ಸಿಕ್ಕಿತೆಂದು ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆ. ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯ 1851ರಲ್ಲಿ ಕಟ್ಟಿದ ಸಂಗ್ರಹಾಲಯ ಅದು. ಶುರುವಾದಾಗ ಅದರ ಬಂಡವಾಳವೆಂದರೆ ಸಾವಿರದ ನೂರರಷ್ಟು ಕಲ್ಲು ಖನಿಜಗಳ ಮಾದರಿಗಳು ಮಾತ್ರ. ಇದೇ ಬಾಲ್ಫರ್ 1865ರಲ್ಲಿ ನಮ್ಮ ಬೆಂಗಳೂರಿನ ಮ್ಯೂಸಿಯಂನ್ನೂ ಆರಂಭಿಸಿದರು. ನಾನು ಕಂಚಿನ ನಟರಾಜನನ್ನು ನೋಡಿ ಕಣ್ಣು ತುಂಬಿಕೊಂಡು ಹೊರಡುವವಳಿದ್ದೆ. ಒಂದು ಗಾಜಿನ ಪೆಟ್ಟಿಗೆಯ ಮುಂದೆ ಕಾಲು ನಿಂತಿತು. ಒಳಗೆ ಕರಿಕಲ್ಲುಗಳು. ಅಂಗೈಗಿಂತ ಸ್ವಲ್ಪ ದೊಡ್ಡವು. ಒಂದು ತುದಿ ಚೂಪು, ಇನ್ನೊಂದು ತುದಿ ಅಗಲ, ಅಂಚು ಉಜ್ಜಿ ನಯ ಮಾಡಿದ್ದು.

ಆ ಹುಡುಗನ ಮುಖ ಕಣ್ಣ ಮುಂದೆ ಬಂತು. ಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು.

ಆ ಕೊಡಲಿಗಳನ್ನು ಕೂಡಿಹಾಕಿದವರ ಹೆಸರು ರಾಬರ್ಟ್ ಬ್ರೂಸ್ ಫೂಟ್. ಊರಿಗೆ ಬಂದ ಮೇಲೆ ಅವರ ಬಗ್ಗೆ ಸಿಕ್ಕದ್ದನ್ನೆಲ್ಲ ಓದಿದೆ. ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ಕೆಲಸಕ್ಕೆ ಸೇರಿ ಮದರಾಸಿಗೆ ಬಂದರು. ಮುಂದೆ 33 ವರ್ಷ ದಕ್ಷಿಣದ ನೆಲವನ್ನು ಅಳೆದದ್ದೇ ಅವರ ಬದುಕು. ಕಲಾದಗಿಯ ಶಿಲೆಗಳಿಗೆ ಆ ಊರಿನ ಹೆಸರು, ಚಿನ್ನ ಹೊತ್ತ ಶಿಲೆಗಳಿಗೆ ಧಾರವಾಡದ ಹೆಸರು ಇಟ್ಟವರು ಅವರು. ಭೂವಿಜ್ಞಾನ ಓದುವವರು ಇಂದಿಗೂ ಧಾರವಾಡ ಶಿಲೆ ಎನ್ನುತ್ತಾರೆ. ಗೋಕಾಕದ ಹತ್ತಿರ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯನ್ನು 1874ರಲ್ಲಿ ಲೋಕಕ್ಕೆ ತಿಳಿಸಿದರು. ನಿವೃತ್ತಿಯಾದ ಮೇಲೆ ಬರೋಡಾ ಮತ್ತು ಮೈಸೂರು ಸಂಸ್ಥಾನಗಳಿಗೂ ದುಡಿದರು.

ಆದರೆ ಅವರ ಹೆಸರು ಉಳಿದದ್ದು ಒಂದು ಕಲ್ಲಿನಿಂದ. 1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ, ಒಂದು ಸಣ್ಣ ಜಲ್ಲಿಗುಂಡಿಯಿಂದ ತೋಡಿ ಹಾಕಿದ ಕೆಂಪು ರಾಶಿಯಲ್ಲಿ ಅವರಿಗೊಂದು ಕಲ್ಲು ಕಂಡಿತು. ಎರಡೂ ಮೈಯಿಂದ ಚಕ್ಕೆ ಎಬ್ಬಿಸಿದ ಕೈಗೊಡಲಿ. ಕೆಲವೇ ವರ್ಷಗಳ ಹಿಂದೆ, 1859ರಲ್ಲಿ, ಯುರೋಪಿನ ವಿದ್ವಾಂಸರು ಇಂಥ ಕಲ್ಲುಗಳನ್ನು ಮನುಷ್ಯನೇ ಮಾಡಿದ್ದು, ಮನುಷ್ಯ ಬಹಳ ಪುರಾತನ ಎಂದು ಒಪ್ಪಿದ್ದರು. ಫೂಟ್ ಅದನ್ನು ಓದಿದ್ದರು, ಕಣ್ಣು ತೆರೆದಿಟ್ಟುಕೊಂಡಿದ್ದರು. ಅದೇ ಸೆಪ್ಟೆಂಬರಿನಲ್ಲಿ ಜೊತೆಗಾರ ವಿಲಿಯಂ ಕಿಂಗ್ ಅವರೊಂದಿಗೆ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಸಿಕ್ಕವು. ಅಲ್ಲಿನ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷ ಎಂದು 2011ರಲ್ಲಿ ಶಾಂತಿ ಪಪ್ಪು ಮತ್ತು ಜೊತೆಯವರು ತೋರಿಸಿದರು. ದೂರವೇಕೆ, ನಮ್ಮ ಕಡೆಯದೇ ಆದ ಸುರಪುರ ಸೀಮೆಯ ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಅಗೆದು ತೆಗೆದ ನೆಲೆಗೆ ಸುಮಾರು 12 ಲಕ್ಷ ವರ್ಷ.

ಫೂಟ್ ಸಾಹೇಬರಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಬಳ್ಳಾರಿ ಸೀಮೆಯಲ್ಲಿ ಬೂದಿದಿಬ್ಬಗಳಿವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗವೆನ್ನುತ್ತಾರೆ. ಬೇರೆ ವಿದ್ವಾಂಸರು ಏನೇನೋ ಊಹೆ ಮಾಡಿದರು. ಫೂಟ್ ಇಂಥ ದಿಬ್ಬಗಳನ್ನು ನೋಡಿ, ಇದು ನವಶಿಲಾಯುಗದವರ ದನದ ಸಗಣಿ ಸುಟ್ಟ ಬೂದಿ ಅಂದರು. 1957ರಲ್ಲಿ ಆಲ್ಚಿನ್ ಅವರು ಉಟ್ನೂರಿನಲ್ಲಿ ಅಗೆದಾಗ ದನದ ದೊಡ್ಡಿಯ ಗೂಟದ ಗುಳಿಗಳೂ ಗೊರಸಿನ ಗುರುತುಗಳೂ ಸಿಕ್ಕು ಆ ಮಾತು ನಿಜವಾಯಿತು. ತಿಪ್ಪೆಯನ್ನೂ ಲಕ್ಷ್ಯಕೊಟ್ಟು ನೋಡುವವನಿಗೆ ಮಾತ್ರ ಇದು ಹೊಳೆದೀತು.

ಹಾಗೆಂದು ಅವರನ್ನು ಗದ್ದುಗೆ ಮೇಲೆ ಕೂರಿಸಲು ನನಗೆ ಮನಸ್ಸಿಲ್ಲ. ಸಮೀಕ್ಷೆ ನಡೆಸಿದ ಸರ್ಕಾರಕ್ಕೆ ಬೇಕಾಗಿದ್ದದ್ದು ನಮ್ಮ ನೆಲದ ಕಲ್ಲಿದ್ದಲು, ಕಬ್ಬಿಣ, ಚಿನ್ನ. ಪಲ್ಲಾವರಂನ ಗುಂಡಿ ತೋಡಿದವರು ಯಾರು? ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರ ಸಲಿಕೆ ತಾಗದಿದ್ದರೆ ಆ ಕಲ್ಲು ಸಾಹೇಬರ ಕಣ್ಣಿಗೆ ಬೀಳುತ್ತಿರಲಿಲ್ಲ. ಫೂಟ್ ಕೊನೆಗಾಲದಲ್ಲಿ ನೆಲೆಸಿದ ಯರ್ಕಾಡಿನ ಬೆಟ್ಟಗಳಲ್ಲಿ ಜನ ಹೊಲದಲ್ಲಿ ಸಿಕ್ಕ ನಯವಾದ ಕಲ್ಗೊಡಲಿಗಳನ್ನು ಗಣಪತಿಯ ಸಣ್ಣ ಗುಡಿಗಳಲ್ಲಿ ಇಟ್ಟು ಕೈಮುಗಿಯುತ್ತಿದ್ದರು. ಅಂದರೆ ಈ ಕಲ್ಲು ಬೇರೆ ಕಲ್ಲಿನಂತಲ್ಲ ಎಂದು ಸಾಹೇಬರಿಗಿಂತ ಮೊದಲೇ ನಮ್ಮವರ ಕಣ್ಣು ಗುರುತಿಸಿತ್ತು.

ಹಾಗಾದರೆ ಸಾಹೇಬರು ಮಾಡಿದ್ದೇನು? ಚೀಟಿ ಬರೆದರು. ಯಾವ ಊರು, ಯಾವ ಹಳ್ಳದ ದಂಡೆ, ಯಾವ ಮಣ್ಣಿನ ಪದರ ಎಂದು ಪ್ರತಿ ಕಲ್ಲಿಗೂ ಜಾಗ ಬರೆದಿಟ್ಟರು. ನಾನೂರಕ್ಕೂ ಹೆಚ್ಚು ನೆಲೆಗಳು. 1904ರಲ್ಲಿ ಮದರಾಸಿನ ಸಂಗ್ರಹಾಲಯ ಆ ಸಂಗ್ರಹವನ್ನು ಕೊಂಡುಕೊಂಡಿತು. ಅವರು 1912ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಸಿದ್ಧಮಾಡಿದ ಸಂಗ್ರಹದ ಪಟ್ಟಿ 1914ರಲ್ಲಿ, ಅದರ ಟಿಪ್ಪಣಿಗಳು 1916ರಲ್ಲಿ ಅಚ್ಚಾದವು. ಜಾಗ ಗೊತ್ತಿದ್ದರೆ ಆ ಕಲ್ಲು ಮಾತಾಡುತ್ತದೆ. ಇಲ್ಲದಿದ್ದರೆ ಅದು ಬದುವಿನ ಕಲ್ಲೇ.

ಕಣ್ಣು ನನ್ನ ತರಗತಿಯ ಹುಡುಗನಲ್ಲೂ ಇತ್ತು. ಅಪ್ಪ ಕಲ್ಲು ಒಡೆಯುವುದನ್ನು ನೋಡಿ ಬೆಳೆದವನಿಗೆ ಒಡೆದದ್ದಕ್ಕೂ ತಿಕ್ಕಿದ್ದಕ್ಕೂ ವ್ಯತ್ಯಾಸ ನನ್ನ ಬೋರ್ಡು ನೋಡಿ ತಿಳಿಯಬೇಕಾಗಿರಲಿಲ್ಲ. ಚೀಟಿ ಬರೆಯುವುದು ನನ್ನ ಕೆಲಸ. "ಎಲ್ಲಿ ಸಿಕ್ತಪ್ಪ?" ಎಂದು ಒಂದು ಮಾತು ಕೇಳಬೇಕಾಗಿತ್ತು. ಡಿಗ್ರಿ ಎರಡಿದ್ದವು, ಆ ಒಂದು ಪ್ರಶ್ನೆ ಬಾಯಿಗೆ ಬರಲಿಲ್ಲ.

ಕೆಲವು ವರ್ಷಗಳ ಹಿಂದೆ ಜಾತ್ರೆಯಲ್ಲಿ ಅವನೇ ನನ್ನನ್ನು ಗುರುತು ಹಿಡಿದು ಬಂದು ಕಾಲಿಗೆ ನಮಸ್ಕಾರ ಮಾಡಿದ. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು ಪುಣೆಗೆ ಹೋದವನು, ಈಗ ಅಲ್ಲಿ ಫರಸಿ ಕೂಡಿಸುವ ಮೇಸ್ತ್ರಿ. ಕಂಕುಳಲ್ಲಿ ಮಗಳಿದ್ದಳು. ನಾನು ಆ ಕಲ್ಲಿನ ಮಾತು ತೆಗೆದೆ.

"ನೀವು ಒಗಿ ಅಂದ್ರಿ, ಒಗದೆ ಟೀಚರ್ರೀ" ಅಂದ, ನಗುತ್ತಲೇ.

"ಎಲ್ಲಿ ಒಗದೆಪ್ಪ?"

"ಸಾಲಿ ಹಿಂದಿನ ಬಾವ್ಯಾಗ."

"ಸಿಕ್ಕದ್ದು ಎಲ್ಲಿ?"

ಅವನು ಸ್ವಲ್ಪ ಹೊತ್ತು ವಿಚಾರ ಮಾಡಿದ. ನೆನಪಾಗಲಿಲ್ಲ. ಆ ಬಾವಿಯನ್ನೂ ಮಕ್ಕಳು ಬಿದ್ದಾರೆಂದು ಎಂದೋ ಮುಚ್ಚಿ ನೆಲ ಮಾಡಿದ್ದಾರೆ. "ನಿನ್ನ ಮಾತು ಖರೇ ಇತ್ತಪ್ಪ, ನಂದೇ ತಪ್ಪು" ಅಂದೆ. ಅವನು ಗಲಿಬಿಲಿಯಾಗಿ, "ಅಯ್ಯ, ಬಿಡ್ರೀ ಟೀಚರ್ರೀ, ಒಂದು ಕಲ್ಲಿಗೆ ಏನು" ಎಂದು ಮಗಳ ಕೈಯಿಂದ ನನಗೆ ಬತ್ತಾಸು ಕೊಡಿಸಿದ.

ಈಗ ನನ್ನ ತರಗತಿಯಲ್ಲಿ ಒಂದು ನೋಟ್‌ಬುಕ್ ಇದೆ. ಕಲ್ಲು ತರಬೇಡಿ, ಇದ್ದಲ್ಲೇ ಇರಲಿ, ಬಂದು ಹೇಳಿ ಎನ್ನುತ್ತೇನೆ. ಎತ್ತಿ ತಂದರೆ ಅದರ ಅರ್ಧ ಕಥೆ ಅಲ್ಲೇ ಉಳಿಯುತ್ತದೆ. ಯಾರ ಹೊಲ, ಯಾವ ದಿಕ್ಕು, ಮಣ್ಣು ಕೆಂಪೋ ಕರಿಯೋ, ಕಂಡವರು ಯಾರು, ತಾರೀಖು ಎಷ್ಟು ಎಂದು ಅವರಿಂದಲೇ ಬರೆಸುತ್ತೇನೆ. ಇಲ್ಲಿಯವರೆಗೆ ಬರೆದದ್ದರಲ್ಲಿ ಹೆಚ್ಚಿನವು ಬರಿಯ ಬದುವಿನ ಕಲ್ಲುಗಳೇ. ಇರಲಿ. ಕಂಡವರ ಹೆಸರಿನ ಕಾಲಂ ಮಾತ್ರ ಯಾರೂ ಖಾಲಿ ಬಿಡುವ ಹಾಗಿಲ್ಲ.