ಉಮದಿಯ ಹಾದಿಯಲ್ಲಿ ಬದು, ಗರಸು, ಟ್ರ್ಯಾಕ್ಟರು

ಸಾಂಗಲಿ ಜಿಲ್ಲೆಯ ಜತ್ತದಿಂದ ಪೂರ್ವಕ್ಕೆ ಉಮದಿಯತ್ತ ಹೊರಟವನಿಗೆ ತೆಳುಮಣ್ಣಿನ ಹೊಲಗಳೂ ನಡುನಡುವೆ ಗರಸಿನ ದಿಬ್ಬಗಳೂ ಕಾಣುತ್ತವೆ. ಊರುಗಳಲ್ಲಿ ಕಿವಿಗೆ ಬೀಳುವುದು ನಮ್ಮ ಕನ್ನಡ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಬಿದ್ದ ನೀರನ್ನು ಹಿಡಿದಿಡಲು ಬದುವೂ ಬೇಕು, ಹೊಂಡವೂ ಬೇಕು. 2016ರಲ್ಲಿ ಮಹಾರಾಷ್ಟ್ರ ಸರ್ಕಾರವು ‘ಮಾಗೇಲ್ ತ್ಯಾಲಾ ಶೇತತಳೆ’, ಅಂದರೆ ಕೇಳಿದವನಿಗೆ ಕೃಷಿಹೊಂಡ, ಎಂಬ ಯೋಜನೆಯನ್ನೇ ತಂದಿತು.

ಎರಡೆಕರೆಯ ಹೊಲಕ್ಕೆ ದೊಡ್ಡ ಯಂತ್ರ ಹೊಗಬೇಕಾದರೆ ನೆರೆಯವನ ಜೋಳವನ್ನು ತುಳಿದೇ ಹೋಗಬೇಕು. ಆದುದರಿಂದ ಟ್ರ್ಯಾಕ್ಟರಿಗೇ ಹಿಂದೆ ಅಗೆಯುವ ತೋಳನ್ನೋ ಮುಂದೆ ಮಣ್ಣೆತ್ತುವ ಬಕೆಟ್ಟನ್ನೋ ಜೋಡಿಸುತ್ತಾರೆ. ಅಗೆಯುವ ಮುನ್ನ ಇಕ್ಕೆಲದ ಕಾಲುಗಳನ್ನು ನೆಲಕ್ಕೆ ಊರಬೇಕು. ತುಂಬಿದ ಬಕೆಟ್ಟನ್ನು ಎತ್ತರಕ್ಕೆ ಹಿಡಿದು ಓಡಿಸಿದರೆ ಇಳಿಜಾರಿನಲ್ಲಿ ಟ್ರ್ಯಾಕ್ಟರು ಮಗುಚೀತು. ಮೇಲಣ ಮಣ್ಣನ್ನು ಬೇರೆ ರಾಶಿ ಹಾಕಿ, ಅಡಿಯ ಗರಸನ್ನು ಬದುವಿಗೆ ಒಯ್ಯಬೇಕು. ಅವಸರದಲ್ಲಿ ಇವೆರಡೂ ಕಲೆತರೆ ಬೆಳೆಯುವ ನೆಲವೇ ಕೈತಪ್ಪುತ್ತದೆ.

ವಕೀಲನ ಕಣ್ಣು ಮಾತ್ರ ಬದುವಿನ ಮೇಲೆಯೇ. ಎತ್ತಿನ ನೇಗಿಲು ವರ್ಷಗಟ್ಟಲೆ ತಿನ್ನುತ್ತಿದ್ದ ಬದುವನ್ನು ಮಣ್ಣು ತಳ್ಳುವ ಹಲಗೆ ಕಟ್ಟಿದ ಟ್ರ್ಯಾಕ್ಟರು ಅರೆಗಳಿಗೆಯಲ್ಲಿ ಒರೆಸಿಬಿಡುತ್ತದೆ. 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ ಪ್ರಕಾರ ಗಡಿಗುರುತುಗಳನ್ನು ಕಾಯುವ ಹೊಣೆ ಭೂಧಾರಕನದೇ. ಕೆಡಿಸಿದವನಿಗೆ ದಂಡವೂ ಉಂಟು. ಆದರೆ ಅಣ್ಣತಮ್ಮಂದಿರ ವ್ಯಾಜ್ಯ ದಂಡದಿಂದ ಮುಗಿಯುವಂಥದಲ್ಲ. ಮಕ್ಕಳ ಶಾಲೆಗೆಂದು ಇಟ್ಟ ದುಡ್ಡೂ ಅದರಲ್ಲಿ ಕರಗುತ್ತದೆ.

ಉಮದಿಯ ಸಮೀಪದ ಹೊಲವೊಂದರಲ್ಲಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಂದ ಚಾಲಕನಾದರೂ, ನೆರೆಹೊಲದವರಿಬ್ಬರೂ ಬಂದು ಬಾಂದುಕಲ್ಲುಗಳಿಗೆ ಸುಣ್ಣ ಬಳಿಯುವ ತನಕ ಹಲಗೆಯನ್ನು ನೆಲಕ್ಕೆ ಇಳಿಸಲೊಲ್ಲನಾದನು.