ಅಪ್ಪನ ಅಟ್ಲಾಸ್, ಬಾರಿಸದ ಗಂಟೆ



ಹಳೆ ಸೈಕಲ್ಲುಗಳಿಗೆ ಈಗ ಒಳ್ಳೆ ಕಾಲ ಬಂದಿದೆ. ಪ್ಯಾಟಿ ಹೋಟೆಲ್ಲಿನವರು ಕರಿ ಸೈಕಲ್ಲಿಗೆ ಬಣ್ಣ ಬಳಿದು, ಕ್ಯಾರಿಯರ್ ಮೇಲೆ ಹೂವಿನ ಕುಂಡ ಇಟ್ಟು ಬಾಗಿಲ ಮುಂದೆ ನಿಲ್ಲಿಸ್ತಾರೆ. ಮಂದಿ ನಿಂತು ಸೆಲ್ಫಿ ತಗೋತಾರೆ. ತಪ್ಪೇನಿಲ್ಲ. ಆದರೆ ನಮ್ಮ ಕೇರಿಗಳಲ್ಲಿ ಹಳೆ ಸೈಕಲ್ ಅಂದರೆ ಬರೀ ನೆನಪಿನ ಸಾಮಾನಲ್ಲ. ಅದರ ಮೇಲೆ ಯಾರು ಕೂತರು, ಯಾವ ಓಣಿಯಲ್ಲಿ ಇಳಿದರು ಅನ್ನೋದರಲ್ಲಿ ಊರಿನ ಪೂರ್ತಿ ಜಾತಕ ಇದೆ. ಎರಡು ತಿಂಗಳು, ಭಾನುವಾರ ಬಿಡದೆ, ಅಪ್ಪನ ಅಟ್ಲಾಸ್ ಸೈಕಲ್ ಬಿಚ್ಚಿ ಜೋಡಿಸಿದೆ. ಅದರ ಬಗ್ಗೆ ಬರೀತೀನಿ.

ಅಪ್ಪ ಬೈಲಹೊಂಗಲದ ಹತ್ತಿ ಜಿನ್ನಿನಲ್ಲಿ ಹಮಾಲಿ. 1979ರಲ್ಲಿ ಈ ಸೈಕಲ್ ಕೊಂಡ. ಕೇರಿಯ ಮೊದಲ ಸ್ವಂತ ಸೈಕಲ್ ಇದೇ. ನಮ್ಮ ಕೇರಿ ಊರಿನ ಆ ತುದಿಗೆ, ಡಾಂಬರ್ ರಸ್ತೆ ಅಗಸಿಯ ಆಚೆ ಈ ತುದಿಗೆ. ನಡುವೆ ದೊಡ್ಡವರ ಓಣಿ. ಓಣಿ ಬಂತಂದ್ರೆ ಇಳಿದು, ಒಂದು ಕೈಯಲ್ಲಿ ಹ್ಯಾಂಡಲ್, ಒಂದು ಕೈಯಲ್ಲಿ ಸೀಟು ಹಿಡಿದು, ಅಗಸಿ ದಾಟುವ ತನಕ ನಡೀಬೇಕಿತ್ತು. ಕಟ್ಟೆ ಮೇಲೆ ಯಾರೂ ಇರದಿದ್ದರೂ ಇಳಿಯಲೇಬೇಕು. ಕಟ್ಟೆ ಖಾಲಿ ಇದ್ದರೂ ಕಿಟಕಿಗೆ ಕಣ್ಣಿರತಾವು ಅಂತಿದ್ದ ಅಪ್ಪ.

ಗಂಟೆಯ ಕಥೆ ಅವ್ವ ಹೇಳಿದ್ದು. ಹೊಸತರಲ್ಲಿ ಒಂದಿನ ಓಣಿಯಲ್ಲಿ ನಡೆದು ಬರುವಾಗ ಎಮ್ಮೆ ಅಡ್ಡ ಬಂತಂತ ಅಪ್ಪ ಗಂಟೆ ಬಾರಿಸಿದ. ಕಟ್ಟೆಯಿಂದ ಒಬ್ಬ ಕೂಗಿದ: "ಯಾರನ್ನ ಸರೀ ಅಂತಿಯಲೇ?" ಅವತ್ತು ರಾತ್ರಿನೇ ಅಪ್ಪ ಗಂಟೆ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಅವ್ವನ ಟ್ರಂಕಿನಲ್ಲಿ ಇಟ್ಟ.

ಅದೇ ಮನುಷ್ಯ ಅಗಸಿ ದಾಟಿದ ಮೇಲೆ ಬೇರೆಯೇ. ಕಿತ್ತೂರಲ್ಲಿ ಸಭೆ ಇರಲಿ, ರಾಮದುರ್ಗದಲ್ಲಿ ನೇಕಾರರ ಓಣಿಯ ಗೋಡೆಗೆ ಬರೆಯೋದಿರಲಿ, ಬಣ್ಣದ ಡಬ್ಬಿ ಹ್ಯಾಂಡಲ್ಲಿಗೆ ನೇತು ಹಾಕಿ ಹೊರಡುತ್ತಿದ್ದ. 1982ರ ದೇವದಾಸಿ ನಿಷೇಧ ಕಾಯ್ದೆಯ ಕರಪತ್ರ ಕಟ್ಟಿಕೊಂಡು ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೂ ಇದರ ಮೇಲೆಯೇ. 1983ರಲ್ಲಿ ಕಾನ್ಶಿರಾಂ ಸಾಹೇಬರು ಡಿಎಸ್-4 ಕಟ್ಟಿಕೊಂಡು ಉತ್ತರ ಭಾರತದಲ್ಲಿ ಸೈಕಲ್ ಜಾಥಾ ತೆಗೆದರು. ಚಳವಳಿಗೆ ಕಾರಿಲ್ಲದ ಕಾಲದಲ್ಲಿ ಎರಡು ಗಾಲಿ, ಎರಡು ಕಾಲು ಸಾಕಾಗಿತ್ತು.

ಈಗ ರಿಪೇರಿ. ಹಿತ್ತಲ ಪತ್ರಾಸ್ ಕೆಳಗೆ ಇಪ್ಪತ್ತು ವರ್ಷ ನಿಂತ ಸೈಕಲ್. ಕ್ರ್ಯಾಂಕಿನ ಕಾಟರ್ ಪಿನ್ ಜಂಗು ಹಿಡಿದು ಕೂತುಬಿಟ್ಟಿತ್ತು. ರಾಮದುರ್ಗದ ವಯಸ್ಸಾದ ಮಿಸ್ತ್ರಿ ಕಾಕಾ ಫೋನಿನಲ್ಲೇ ಹೇಳಿಕೊಟ್ಟರು: "ರಾತ್ರಿ ಚಿಮಣಿ ಎಣ್ಣಿ ಬಿಟ್ಟು ಬಿಡು ತಮ್ಮಾ. ಮುಂಜಾನಿ ಕ್ರ್ಯಾಂಕಿನ ಕೆಳಗ ಪೈಪಿನ ತುಂಡು ಆನಿಸಿ ಹೊಡಿ, ಇಲ್ಲಂದ್ರ ಪೆಟ್ಟು ಒಳಗಿನ ಗುಂಡಿಗೆ ಬೀಳತೈತಿ. ಹತ್ತು ಸಣ್ಣ ಪೆಟ್ಟಿಗಿಂತ ಒಂದು ಗಟ್ಟಿ ಪೆಟ್ಟು ಚಲೋ." ಚಿಮಣಿ ಎಣ್ಣೆ ಈಗೆಲ್ಲಿ ಸಿಗಬೇಕು, ಡೀಸೆಲ್ ಬಿಟ್ಟೆ. ಪಿನ್ ಬಂತು. ಹಬ್ಬಿನ ಗುಂಡು ಹೊಸದು ಹಾಕಿ, ಗ್ರೀಸ್ ತುಂಬಿದೆ. ರಿಮ್ಮಿನ ಜಂಗಿಗೆ ಊಟ ಕಟ್ಟುವ ಬೆಳ್ಳಿ ಕಾಗದ ನೀರಲ್ಲಿ ಅದ್ದಿ ತಿಕ್ಕಿದೆ. ಎಮರಿ ಪೇಪರಿನಂತೆ ಹೊಳಪು ಕೆರೆಯೋದಿಲ್ಲ. 28 ಇಂಚಿನ ಟೈರು ಸವದತ್ತಿಯಲ್ಲಿ ಸಿಕ್ಕಿತು. ಹಾಲಿನವರು ಇನ್ನೂ ಈ ಸೈಕಲ್ ಬಿಟ್ಟಿಲ್ಲವಲ್ಲ, ಅದರ ಪುಣ್ಯ.

ಹ್ಯಾಂಡಲ್ ಕೆಳಗಿನ ಬಿಲ್ಲೆ ಮಾತ್ರ ಹಲ್ಲುಜ್ಜೋ ಬ್ರಷ್ಷಿನಿಂದ ತೊಳೆದೆ. ಭೂಗೋಲ ಹೊತ್ತು ನಿಂತ ಮನುಷ್ಯ. ಅಪ್ಪ ಅದನ್ನ ತೋರಿಸಿ "ಇವನೂ ಹಮಾಲನೇ" ಅಂತಿದ್ದ. ಆ ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕೊನೆಯ ಕಾರ್ಖಾನೆ ನಿಲ್ಲಿಸಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ. ಲಾಕ್‌ಡೌನ್‌ನಲ್ಲಿ ಕೂಲಿಕಾರರು ಸೈಕಲ್ ತುಳಿದು ಊರು ಸೇರಿದ ವರ್ಷವೂ ಅದೇ.

ಅಳಿಯ ಬಂದು ನೋಡಿದ. "ಮಾಮಾ, ಇದನ್ನ ಕ್ರೂಸರ್ ಮಾಡೂಣು. ಅಗಲ ಹ್ಯಾಂಡಲ್, ದಪ್ಪ ಟೈರು, ಹೊಸ ಸೀಟು." ದಪ್ಪ ಟೈರು ಈ ಫೋರ್ಕಿನಲ್ಲಿ ಹಿಡಿಯೋದಿಲ್ಲ. ಹ್ಯಾಂಡಲ್ ಬದಲಿಸಿದರೆ ರಾಡ್ ಬ್ರೇಕ್ ಹೋಗುತ್ತೆ. ಇದರ ರಬ್ಬರು ರಿಮ್ಮಿನ ಬದಿಗಲ್ಲ, ಒಳಮೈಗೆ ಒತ್ತೋದು, ಕೇಬಲ್ಲೇ ಇಲ್ಲ. ಅದಕ್ಕೇ ಅವನದೊಂದು, ನನ್ನದೊಂದು ಅಂತ ಮಾತಾಯಿತು. ಎರಡೂ ಮಡ್‌ಗಾರ್ಡ್‌ಗೆ ಕಿತ್ತೂರಿನ ಪೇಂಟರ್ ಕೈಲಿ ನೀಲಿ ಹೊಡೆಸಿದೆವು. ಡೈನಮೋ ಸತ್ತಿತ್ತು, ದೀಪದ ಹಳೆ ಚಿಪ್ಪಿನೊಳಗೆ ಎಲ್‌ಇಡಿ ಕೂರಿಸಿದ. ಕ್ಯಾರಿಯರ್‌ಗೆ ಮುಚ್ಚಳ ಇರುವ ತಗಡಿನ ಪೆಟ್ಟಿಗೆ ಬೆಸುಗೆ ಹಾಕಿಸಿದೆ.

ಸೀಟು ಮಾತ್ರ ಬದಲಿಸಲು ಬಿಡಲಿಲ್ಲ. ಅದರ ಹಿಂದಿನ ಅಂಚಿನ ಚರ್ಮ ಒಂದೇ ಕಡೆ, ಬೆರಳು ಕೂರುವಷ್ಟು ಅಗಲಕ್ಕೆ ಸವೆದಿದೆ. ಕೂತು ಸವೆದ ಗುರುತಲ್ಲ ಅದು, ಹಿಡಿದು ನಡೆದ ಗುರುತು. ಅಳಿಯನ ಬೆರಳು ಅಲ್ಲಿ ಇಡಿಸಿದೆ. ಆಮೇಲೆ ಅವನು ಹೊಸ ಸೀಟಿನ ಮಾತು ಎತ್ತಲಿಲ್ಲ.

ಕೊನೆಗೆ ಟ್ರಂಕಿನಿಂದ ಗಂಟೆ ತೆಗೆದೆವು. ಇಡೀ ಸೈಕಲ್ಲಿನಲ್ಲಿ ಉಜ್ಜದೆಯೇ ಹೊಳೆದದ್ದು ಅದೊಂದೇ. ಬಳಸಲು ಬಿಡದ್ದಕ್ಕೆ ಉಳಿದ ಹೊಳಪು ನೋಡಿ ಖುಷಿಪಡಲಿಕ್ಕಾಗಲಿಲ್ಲ ನನಗೆ.

ವಾಹನಕ್ಕೂ ಜಾತಿಗೂ ಇರುವ ನಂಟು ನಮ್ಮೂರಿನದಷ್ಟೇ ಅಲ್ಲ. ಬಾಬಾಸಾಹೇಬರು ಹುಡುಗರಾಗಿದ್ದಾಗ ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ, ಗಾಡಿಯವನು ಎರಡು ಪಟ್ಟು ಬಾಡಿಗೆ ತಗೊಂಡೂ ಮಕ್ಕಳ ಜತೆ ಕೂರಲಿಲ್ಲ. ಮಕ್ಕಳೇ ಗಾಡಿ ಹೊಡೆಯಬೇಕಾಯಿತು. 1929ರಲ್ಲಿ, ಬ್ಯಾರಿಸ್ಟರ್ ಆದ ಮೇಲೂ, ಚಾಳೀಸ್‌ಗಾಂವ್‌ನ ಟಾಂಗಾದವರು ಅವರನ್ನು ಕರೆದೊಯ್ಯಲು ಒಪ್ಪಲಿಲ್ಲ. ಟಾಂಗಾ ಹೊಡೆದು ಗೊತ್ತಿಲ್ಲದ ನಮ್ಮವನೊಬ್ಬ ಹೊಡೆದ. ಸಾಹೇಬರು ಬಿದ್ದು ಕಾಲು ಮುರಿಯಿತು.

ಅದೆಲ್ಲ ಹಳೇ ಕಾಲ ಅನ್ನುವವರು ಕಾನೂನು ಓದಲಿ. ದೌರ್ಜನ್ಯ ತಡೆ ಕಾಯ್ದೆಗೆ ಆದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರ ಕಲಂ 3(1)(ಝಡ್‌ಎ) ಸಾರ್ವಜನಿಕ ಸ್ಥಳದಲ್ಲಿ ನಮ್ಮವರು ಸೈಕಲ್, ಮೋಟರ್ ಸೈಕಲ್ ಹತ್ತೋದನ್ನ, ಚಪ್ಪಲಿ, ಹೊಸ ಬಟ್ಟೆ ಹಾಕೋದನ್ನ, ಮದುವೆ ಮೆರವಣಿಗೆ ತೆಗೆಯೋದನ್ನ, ಕುದುರೆ ಏರೋದನ್ನ ತಡೆದರೆ ಅಪರಾಧ ಅನ್ನುತ್ತೆ. ಆರು ತಿಂಗಳಿಂದ ಐದು ವರ್ಷ ಜೈಲು, ದಂಡ ಬೇರೆ. ಸೈಕಲ್ ಅನ್ನೋ ಮಾತನ್ನ ಪಾರ್ಲಿಮೆಂಟು 2015ರಲ್ಲಿ ಕಾನೂನಿಗೆ ಸೇರಿಸಬೇಕಾಯಿತು ಅಂದರೆ, ಇಳಿಸುವವರು ಇನ್ನೂ ಇದ್ದಾರೆ ಅಂತಲೇ ಅರ್ಥ. 2018ರ ಕಲಂ 18ಎ ಪ್ರಕಾರ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಠಾಣೆಯಲ್ಲಿ ಯಾರಾದರೂ "ನೋಡೂಣ" ಅಂದರೆ ಇದನ್ನೇ ತೋರಿಸಿ.

ಬದಲಾಗಿದ್ದೂ ಇದೆ. 2006-07ರಿಂದ ಸರಕಾರ ಎಂಟನೇ ಇಯತ್ತೆ ಮಕ್ಕಳಿಗೆ ಸೈಕಲ್ ಕೊಟ್ಟಾಗ ನಮ್ಮ ಕೇರಿ ಹುಡುಗಿಯರು ಸಾಲಾಗಿ, ಗಂಟೆ ಬಾರಿಸುತ್ತಾ ಅದೇ ಓಣಿಯಲ್ಲಿ ಹೈಸ್ಕೂಲಿಗೆ ಹೋದರು. ಯಾರೂ ಇಳಿಸಲಿಲ್ಲ. ಕೋವಿಡ್ ಬಂದು ಆ ಯೋಜನೆ ನಿಂತಿತು. ಅದನ್ನ ಮತ್ತೆ ಕೇಳೋದು ನಮ್ಮ ಕೆಲಸ.

ಈ ಅಟ್ಲಾಸ್ ಯಾರ ಬಾಗಿಲಿಗೂ ಶೋಕಿಗೆ ನಿಲ್ಲೋದಿಲ್ಲ. ಪೆಟ್ಟಿಗೆಯಲ್ಲಿ ಕಾಯ್ದೆಯ ಕನ್ನಡ ಪ್ರತಿ, ಜಾತಿ ಪ್ರಮಾಣಪತ್ರ ಮತ್ತು ವಿದ್ಯಾರ್ಥಿವೇತನದ ಅರ್ಜಿಗಳು ಇವೆ. ಆಫೀಸಿನಲ್ಲಿ ದಿನಾ ಅರ್ಜಿ ನೋಡೋ ಕೈ ನನ್ನದು, ಭಾನುವಾರ ನಿಮ್ಮ ಕೇರಿಯಲ್ಲೂ ಬರೆದುಕೊಡ್ತೀನಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯವರು ಹೇಳಿಕಳಿಸಿ. ಗಂಟೆ ಬಾರಿಸಿಕೊಂಡೇ ಬರ್ತೀನಿ.

ಜೈ ಭೀಮ್.